ಬಿತ್ತುವ ಮುನ್ನ ತರಕಾರಿ ಬೀಜಗಳ ಸಿದ್ಧತೆ

ಹಾಗಲದ ಬೀಜ ಊರಿ ಹದಿನೈದು ದಿನ ಕಳೆದರೂ ಮೊಳಕೆ ಕಾಣದಿದ್ದಾಗ, ಬೀಜವೇ ಕೆಟ್ಟದ್ದೆಂದು ರೈತರು ತಿಳಿಯುವುದುಂಟು. ಅನೇಕ ವೇಳೆ ಬೀಜಕ್ಕೆ ಜೀವವಿರುತ್ತದೆ. ಆದರೆ ಅದರ ಗಟ್ಟಿ ಸಿಪ್ಪೆಯು ನೀರು ಬೇಗ ಒಳಹೋಗದಂತೆ ತಡೆಯುತ್ತದೆ. ಮತ್ತೆ ಬೀಜ ತಂದು ಊರುವಷ್ಟರಲ್ಲಿ ಹಂಗಾಮು ಮೀರಿರುತ್ತದೆ. ಆದ್ದರಿಂದ ಆಯಾ ಬೀಜದ ಗುಣವರಿತು, ಬಿತ್ತುವ ಮೊದಲೇ ತಕ್ಕ ಸಿದ್ಧತೆ ಮಾಡಿಕೊಳ್ಳಬೇಕು.

ಮೊಳಕೆ ಪರೀಕ್ಷೆ: ಹಾಗಲದ 50 ಬೀಜಗಳನ್ನು ಒಂದು ದಿನ ನೆನೆಸಿ, ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಸಾಲಾಗಿ ಹರಡಿ, ಸುರುಳಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಬೇಕು. 14 ದಿನಗಳೊಳಗೆ ಬೇರು, ಕುಡಿ ಎರಡೂ ಸರಿಯಾಗಿ ಬಂದ ಸಸಿಗಳನ್ನು ಮಾತ್ರ ಎಣಿಸಬೇಕು. ಪ್ರಮಾಣಿತ ಹಾಗಲ ಬೀಜದಲ್ಲಿ ಕನಿಷ್ಠ ಶೇ. 60 ಮೊಳಕೆ ಇರಬೇಕು. ಅಂದರೆ 50ಕ್ಕೆ 30. ಇದಕ್ಕಿಂತ ಬಹಳ ಕಡಿಮೆ ಬಂದರೆ ಆ ಬೀಜವನ್ನು ಕೈಬಿಡುವುದೇ ಮೇಲು. ಯಾವ ಉಪಚಾರವೂ ಸತ್ತ ಬೀಜಕ್ಕೆ ಜೀವ ತುಂಬಲಾರದು.

ಬೀಜಕ್ಕೆ ತಕ್ಕ ಉಪಚಾರ:

1. ಹಾಗಲ: ಬಿತ್ತುವ ಹಿಂದಿನ ದಿನ ನೀರಿನಲ್ಲಿ ನೆನೆಹಾಕಬೇಕು. 24 ಗಂಟೆ ಮೀರಬಾರದು. ನೀರಿನಡಿಯಲ್ಲಿ ಬೀಜಕ್ಕೆ ಉಸಿರಾಡಲು ಗಾಳಿ ಸಾಲದೆ ಕೊಳೆಯುವ ಸಂಭವವಿದೆ.

2. ಕೊತ್ತಂಬರಿ: ರೂಢಿಯಲ್ಲಿ ಬೀಜವೆನ್ನುವ ಕಾಳು ವಾಸ್ತವವಾಗಿ ಎರಡು ಬೀಜಗಳಿರುವ ಕಾಯಿ. ನೆಲದ ಮೇಲೆ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಜಜ್ಜಿ ನುಚ್ಚು ಮಾಡಬಾರದು.

3. ಬೀನ್ಸ್: ಇದನ್ನು ನೆನೆಸಬಾರದು. ತೆಳು ಸಿಪ್ಪೆಯ ಮೂಲಕ ನೀರು ಒಮ್ಮೆಲೇ ನುಗ್ಗಿದರೆ ಬೇಳೆಗೆ ಪೆಟ್ಟಾಗುತ್ತದೆ. ಹದವಿರುವ ಮಣ್ಣಿನಲ್ಲಿ ಒಣ ಬೀಜವನ್ನೇ ಬಿತ್ತಬೇಕು.

ರೋಗದಿಂದ ರಕ್ಷಣೆ: ನೆನೆಸಿದ ಹಾಗಲ ಬೀಜದ ಮೇಲಿನ ನೀರನ್ನು ನೆರಳಿನಲ್ಲಿ ಆರಿಸಿ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಪುಡಿ ಲೇಪಿಸಿದರೆ ಮಣ್ಣಿನ ಶಿಲೀಂಧ್ರಗಳಿಂದ ಸಸಿ ಕೊಳೆಯುವುದು ಕಡಿಮೆಯಾಗುತ್ತದೆ. ಅಂಗಡಿಯಿಂದ ತಂದ ಬೀಜಕ್ಕೆ ಬಣ್ಣದ ಔಷಧಿ ಲೇಪನವಿದ್ದರೆ ಅದನ್ನು ನೆನೆಸಬಾರದು, ಔಷಧಿ ತೊಳೆದುಹೋಗುತ್ತದೆ. ಅಂಥ ಬೀಜ ಉಳಿದರೆ ಅಡಿಗೆಗಾಗಲಿ, ದನಕರುಗಳಿಗಾಗಲಿ ಬಳಸಕೂಡದು.

ನೆನೆದ ಬೀಜ ಒಣಮಣ್ಣಿಗೆ ಬಿದ್ದರೆ ಮೊಳಕೆ ಅಲ್ಲಿಯೇ ಬಾಡುತ್ತದೆ. ಆದ್ದರಿಂದ ಗುಣಿಗಳಿಗೆ ಗೊಬ್ಬರ ಬೆರೆಸಿ, ನೀರು ಕೊಟ್ಟು ಹದ ಮಾಡಿಕೊಂಡ ಮೇಲೆಯೇ ಬೀಜ ನೆನೆಹಾಕಬೇಕು. ಮರುದಿನ ತಡಮಾಡದೆ 2 ಸೆಂ.ಮೀ. ಆಳದಲ್ಲಿ ಊರಿದರೆ ಮೊಳಕೆ ಬೇಗನೆ ಹಾಗೂ ಒಂದೇ ಸಮನಾಗಿ ಬರುತ್ತದೆ.