ಬೋರ್ಡು ನಾವೇ ಓದಿದೆವು

ನಾವು ಸಿರುಗುಪ್ಪದ ಕಡೆಯ ಹೆಣ್ಣುಮಕ್ಕಳು. ಭತ್ತದ ನಾಟಿ ಮುಗಿದಿತ್ತು. ಓದು ಕಲಿಯುವ ಹತ್ತು ಜನ ಕೂಡಿ ಊರು ನೋಡಲು ಹೊರಟೆವು.

ಮೊದಲು ಬಳ್ಳಾರಿ. ಅಲ್ಲಿ ಗುಡ್ಡದ ಮೇಲೆ ಕೋಟೆ ಇದೆ. ಮೆಟ್ಟಿಲು ಹತ್ತಿದೆವು. ಕೋಟೆ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. ಮುಂದೆ ಹೈದರಾಲಿ ಅದನ್ನು ಗೆದ್ದ. ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಬಲಪಡಿಸಿದ. ಆದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅದನ್ನು ನೋಡಲಿಲ್ಲವೆಂದು ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಜನ ಹೀಗೆ ಕಥೆ ಹೇಳುತ್ತಾರೆ.

ಆಮೇಲೆ ಬಸ್ ನಿಲ್ದಾಣಕ್ಕೆ ಬಂದೆವು. ಕುರುಗೋಡಿಗೆ ಯಾವ ಬಸ್ಸು? ದೊಡ್ಡವ್ವ ಯಾರನ್ನೋ ಕೇಳಲು ಹೊರಟಳು. ಹಿಂದೊಮ್ಮೆ ಯಾರದೋ ಮಾತು ಕೇಳಿ ಬೇರೆ ಬಸ್ಸು ಹತ್ತಿದ್ದಳು. ಗೊತ್ತಿಲ್ಲದ ಊರಲ್ಲಿ ರಾತ್ರಿಯೆಲ್ಲಾ ಅಳುತ್ತಾ ಕೂತಿದ್ದಳು.

“ಕೇಳಬ್ಯಾಡ ಯವ್ವಾ, ಬೋರ್ಡು ಓದು” ಎಂದೆವು.

“ಕು... ರು... ಗೋ... ಡು. ಕುರುಗೋಡು!”

ದೊಡ್ಡವ್ವನೇ ಮೊದಲು ಹತ್ತಿದಳು.

ಕುರುಗೋಡು ಹಿಂದೆ ಸಿಂದ ಅರಸರು ಆಳಿದ ಊರು. ಅಲ್ಲಿ ದೊಡ್ಡ ಬಸವೇಶ್ವರನ ಗುಡಿ ಇದೆ. ಒಂದೇ ಕಲ್ಲಿನ ಬಸವಣ್ಣ, ಆಳಿಗಿಂತ ಎತ್ತರ. ಹಳೆಯ ಕಲ್ಲುಗುಡಿಗಳೂ ಕನ್ನಡದ ಶಾಸನಗಳೂ ಇವೆ.

ದೊಡ್ಡವ್ವ ಕೈಮುಗಿದು ಅಂದಳು: “ಇನ್ನ ನಾ ಒಬ್ಬಾಕೀನೂ ಬರತೀನಿ.”

ಉತ್ತರ ಹೇಳಿ
1. ಬಳ್ಳಾರಿ ಕೋಟೆಯನ್ನು ಯಾರು ಕಟ್ಟಿಸಿದರು?
2. ದೊಡ್ಡವ್ವ ಹಿಂದೆ ಯಾಕೆ ಅತ್ತಳು?

ಬರೆಯಿರಿ
ನಿಮ್ಮ ಊರಿಗೆ ಬರುವ ಬಸ್ಸಿನ ಬೋರ್ಡಿನಲ್ಲಿ ಏನಿದೆ?