ಸಾಕುನಾಯಿಯ ನಡತೆ ಬದಲಾದಾಗ

ಮಾತಿಲ್ಲದ ಪ್ರಾಣಿಯ ಬೇನೆ ಅದರ ನಡತೆಯಲ್ಲಿಯೇ ವ್ಯಕ್ತವಾಗುತ್ತದೆ. ಹಳಿಯಾಳ, ಮುಂಡಗೋಡಗಳ ಗೌಳಿ ದಡ್ಡಿಗಳಲ್ಲಿಯೂ, ಜೋಯಿಡಾದ ಕಾಡಂಚಿನ ಒಂಟಿ ಮನೆಗಳಲ್ಲಿಯೂ, ದಾಂಡೇಲಿಯ ಕಾರ್ಮಿಕರ ಕೇರಿಗಳಲ್ಲಿಯೂ ನಾಯಿಯು ಮನೆಯ ಕಾವಲುಗಾರ; ಮಕ್ಕಳ ಒಡನಾಡಿ. ಅಂತಹ ನಾಯಿ ಒಮ್ಮೆಲೇ ಬೇರೆ ಬಗೆಯಾಗಿ ವರ್ತಿಸತೊಡಗಿದರೆ, ಅದನ್ನು ಗದರಿಸುವ ಮುನ್ನ ಕಾರಣವನ್ನು ಅರಸುವುದು ವಿವೇಕವೆನಿಸುತ್ತದೆ.

ಎಲ್ಲ ಬದಲಾವಣೆಯೂ ಭಯಕ್ಕೆ ಕಾರಣವಲ್ಲ. ಅಣಶಿ-ದಾಂಡೇಲಿ ಎಂಬ ಹೆಸರಿನಿಂದ 2007ರಲ್ಲಿ ಘೋಷಿತವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಚಿರತೆಯ ಸಂಚಾರ ಹೊಸತಲ್ಲ; ನಾಯಿಯು ಚಿರತೆಗೆ ಪ್ರಿಯವಾದ ಬೇಟೆ. ಆದ್ದರಿಂದ ಮುಸ್ಸಂಜೆಯಲ್ಲಿ ಅಂಗಳಕ್ಕಿಳಿಯಲೊಲ್ಲದ ನಾಯಿ ನಮಗೆ ತಿಳಿಯದ ವಾಸನೆಯನ್ನು ಗ್ರಹಿಸಿರಬಹುದು. ಕಿವಿಯ ಹುಣ್ಣು, ಹಲ್ಲುನೋವು, ಕೀಲುನೋವುಗಳಿದ್ದಾಗ ಸಾಧುವಾದ ನಾಯಿಯೂ ಮುಟ್ಟಿದೊಡನೆ ಗುರುಗುಟ್ಟುತ್ತದೆ. ಮುಪ್ಪಿನಿಂದ ದೃಷ್ಟಿ ಮಂದವಾದಾಗ ಪರಿಚಿತರನ್ನೂ ಬೊಗಳುತ್ತದೆ.

ಆದರೆ ಎಂದಿಗೂ ಮರೆಯಲಾಗದ ಒಂದು ಕಾರಣವಿದೆ. ಅದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಹುಚ್ಚು ಹಿಡಿದ ನಾಯಿ ಕಂಡಕಂಡವರನ್ನು ಕಚ್ಚುತ್ತದೆ, ನೀರಿಗೆ ಅಂಜುತ್ತದೆ ಎಂಬ ತಿಳಿವಳಿಕೆ ಜನರಲ್ಲಿದೆ. ಇದು ಅಪೂರ್ಣ. ನೀರಿನ ಅಂಜಿಕೆ ಮನುಷ್ಯರೋಗಿಯ ಲಕ್ಷಣ. ನಾಯಿಯು ನೀರಿಗೆ ಬಾಯಿ ಹಚ್ಚಿದರೂ ನುಂಗಲಾರದು, ಅಷ್ಟೆ. ಈ ರೋಗದ ಇನ್ನೊಂದು ರೂಪ ಮೌನವಾದುದು. ನಾಯಿ ಕತ್ತಲ ಮೂಲೆ ಸೇರುತ್ತದೆ, ದನಿ ಬದಲಾಗುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಗೆದು, ಕರುಣೆಯಿಂದ ಬಾಯೊಳಗೆ ಕೈಯಿಡುವವರೇ ಇಲ್ಲಿ ಅಪಾಯಕ್ಕೀಡಾಗುತ್ತಾರೆ. ಕಚ್ಚಿದ ಗಾಯದಿಂದ ಮಾತ್ರವಲ್ಲ, ತರಚಿದ ಚರ್ಮಕ್ಕೆ ತಾಗಿದ ಜೊಲ್ಲಿನಿಂದಲೂ ರೋಗ ಅಂಟುತ್ತದೆ. ಲಕ್ಷಣಗಳು ತೋರಿದ ಬಳಿಕ ಮನುಷ್ಯನು ಬದುಕುಳಿಯುವುದು ಅತಿ ವಿರಳ.

ಹಾಗಾದರೆ ಕರ್ತವ್ಯವೇನು? ಸಂಶಯ ಬಂದ ನಾಯಿಯನ್ನು ಮುಟ್ಟದೆ, ಸಾಧ್ಯವಾದರೆ ಒಂದು ಕೋಣೆಯಲ್ಲಿ ಕೂಡಿಹಾಕಿ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರಿಗೆ ತಿಳಿಸಬೇಕು. ನಾಯಿ ಕಚ್ಚಿದ್ದರೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಅರಿಶಿನಗಳನ್ನು ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯದಲ್ಲಿ ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಪ್ರತಿವಿಷದ ಚುಚ್ಚುಮದ್ದೂ ಬೇಕು. ನಾಯಿಯನ್ನು 10 ದಿನ ನಿಗಾದಲ್ಲಿಡುವುದು ವಾಡಿಕೆ. ಆದರೆ ಆ 10 ದಿನ ಕಳೆಯಲೆಂದು ಲಸಿಕೆಗೆ ಕಾಯುವಂತಿಲ್ಲ.

ಲೂಯಿ ಪಾಶ್ಚರನು 1885ರಲ್ಲಿ ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಲಸಿಕೆ ನೀಡಿ ಬದುಕಿಸಿದನು. ಅಂದಿನಿಂದ ಈ ರೋಗ ತಡೆಯಬಲ್ಲ ರೋಗವಾಗಿದೆ. ಜೋಯಿಡಾದ ಗಡಿಗೆ ಹೊಂದಿಕೊಂಡ ಗೋವಾದಲ್ಲಿ ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕುವುದರೊಂದಿಗೆ ಶಾಲೆ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಲಾಯಿತು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಕರ್ನಾಟಕ ಸರಕಾರವೂ 2022ರಲ್ಲಿ ಮಾನವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು.

ನಾಯಿಯು ಸಣ್ಣಗೆ ಪರಚಿದ್ದನ್ನು ಏಟಿನ ಅಂಜಿಕೆಯಿಂದ ಮನೆಯಲ್ಲಿ ಮುಚ್ಚಿಡುವ ಮಗು ಪ್ರತಿ ತರಗತಿಯಲ್ಲಿಯೂ ಇರಬಹುದು. ಆ ಮಗು ನಿರ್ಭಯವಾಗಿ ಬಂದು ಹೇಳುವಂತಹ ವಾತಾವರಣವನ್ನು ಶಿಕ್ಷಕರು ನಿರ್ಮಿಸಬೇಕು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಂತಮ್ಮ ಊರಿನ ನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಲು ನೆರವಾದರೆ, ನಾಯಿಯೂ ಉಳಿದೀತು, ಮಗುವೂ ಉಳಿದೀತು.