ರಾಜನ ಕೊನೆಯ ತುತ್ತು


*ದಿನದ ಧಮ್ಮ ಚಿಂತನೆ*



ಹೋದ ವಾರ ನಮ್ಮ ಅಧ್ಯಯನ ಬಳಗದ ತಂಗಿಯೊಬ್ಬಳು ನನಗೆ ಮಾತ್ರ ಒಂದು ಸಂದೇಶ ಕಳಿಸಿದ್ದಳು. ಮೂರು ತಿಂಗಳು ಕಷ್ಟಪಟ್ಟು ಆರು ಕೆ.ಜಿ. ಇಳಿಸಿದ್ದಳಂತೆ. ಆಮೇಲಿನ ಎರಡೇ ತಿಂಗಳಲ್ಲಿ ಏಳು ಕೆ.ಜಿ. ಏರಿದೆ. "ಅಕ್ಕಾ, ನಾಲಿಗೆಯನ್ನೇ ಗೆಲ್ಲೋಕಾಗದವಳು ಮನಸ್ಸನ್ನೇನು ಗೆಲ್ತೀನಿ? ಭಾನುವಾರ ಬರೋಕೂ ನಾಚಿಕೆ ಆಗ್ತಿದೆ" ಅಂತ ಬರೆದಿದ್ದಳು. ಅವಳನ್ನು ಕೇಳಿಕೊಂಡೇ, ಹೆಸರು ಹೇಳದೆ, ಇವತ್ತಿನ ಚಿಂತನೆಯನ್ನು ಅವಳಿಗೆ ಉತ್ತರವಾಗಿ ಬರೆಯುತ್ತಿದ್ದೇನೆ. ತೂಕದ ವಿಷಯದಲ್ಲಿ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಬಿಟ್ಟು ಬಿಟ್ಟು ಹಿಡಿದ ಅನುಭವ ಮಾತ್ರ ಬೇಕಾದಷ್ಟಿದೆ.

ಮೊದಲು ಸುತ್ತ. ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿ ದೋಣಪಾಕ ಸುತ್ತ ಅಂತ ಒಂದಿದೆ. ಬಹಳ ಚಿಕ್ಕದು, ಓದಲು ಎರಡು ನಿಮಿಷ ಸಾಕು. ಕೋಸಲದ ರಾಜ ಪಸೇನದಿ ಊಟಕ್ಕೆ ಕೂತರೆ ಒಂದು ದೋಣ ಅಕ್ಕಿಯ ಅನ್ನ ಬೇಕಿತ್ತು. ದೋಣ ಅಂದರೆ ಧಾನ್ಯ ಅಳೆಯುವ ದೊಡ್ಡ ಅಳತೆ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತಾ, ಸಾವತ್ಥಿಯಲ್ಲಿದ್ದ ಭಗವಾನರ ಹತ್ತಿರ ಬಂದು ನಮಸ್ಕರಿಸಿ ಒಂದು ಪಕ್ಕ ಕೂತ. ಭಗವಾನರು ನೋಡಿದರು, ಅವರಿಗೆ ಅರ್ಥವಾಯಿತು. ಬೈಯಲಿಲ್ಲ. ಅವನ ಹೊಟ್ಟೆಯ ಬಗ್ಗೆ ಒಂದು ಮಾತಾಡಲಿಲ್ಲ. ಒಂದು ಗಾಥೆ ಹೇಳಿದರು, ಅಷ್ಟೇ. ಎಚ್ಚರ ಇಟ್ಟುಕೊಂಡು, ಅಳತೆ ತಿಳಿದು ಉಣ್ಣುವವರಿಗೆ ನೋವು ಕಡಿಮೆಯಾಗುತ್ತದೆ, ಮುಪ್ಪು ನಿಧಾನವಾಗುತ್ತದೆ ಎಂಬುದು ಅದರ ಭಾವ.

ಆಮೇಲೆ ರಾಜ ಏನು ಮಾಡಿದ ಎಂಬುದನ್ನು ಗಮನಿಸಿ. "ನಾಳೆಯಿಂದ ನಾನು ಬೇರೆ ಮನುಷ್ಯ" ಅಂತ ಪ್ರತಿಜ್ಞೆ ಮಾಡಲಿಲ್ಲ. ಹಿಂದೆ ನಿಂತಿದ್ದ ಸುದಸ್ಸನ ಎಂಬ ಯುವಕನ ಕಡೆ ತಿರುಗಿ, ಈ ಗಾಥೆಯನ್ನು ಕಲಿತುಕೋ, ನನಗೆ ಊಟ ಬಡಿಸಿದಾಗೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಅಂದ. ಕಹಾಪಣ ಆ ಕಾಲದ ನಾಣ್ಯ. ನೂರು ಕಹಾಪಣ ಸಣ್ಣ ಸಂಬಳವಲ್ಲ! ಅಟ್ಟಕಥೆ ಇನ್ನೂ ಸ್ವಲ್ಪ ವಿವರ ಕೊಡುತ್ತದೆ. ಗಾಥೆ ಹೇಳಬೇಕಾದದ್ದು ಊಟದ ಮೊದಲಲ್ಲಲ್ಲ, ರಾಜ ಕೊನೆಯ ತುತ್ತಿಗೆ ಬಂದಾಗ. ಅದು ಕಿವಿಗೆ ಬಿದ್ದ ಕೂಡಲೇ ರಾಜ ಆ ತುತ್ತನ್ನು ಬಿಡುವುದು. ಆ ತುತ್ತಿನಲ್ಲಿ ಎಷ್ಟು ಅನ್ನವಿತ್ತೋ ಅಷ್ಟು ಅಕ್ಕಿಯನ್ನು ಮುಂದಿನ ಅಡುಗೆಯಲ್ಲಿ ಕಡಿಮೆ ಮಾಡುವುದು. ಹೀಗೆ ದೋಣದಿಂದ ಇಳಿಯುತ್ತಾ ಇಳಿಯುತ್ತಾ ಒಂದು ನಾಳಿ ಅನ್ನಕ್ಕೆ ಬಂದು ನಿಂತ. ನಾಳಿ ತೀರಾ ಚಿಕ್ಕ ಅಳತೆ. ಸುತ್ತದಲ್ಲಿ ಇದಕ್ಕೆ ಬಳಸಿರುವ ಪಾಳಿ ಪದ 'ಅನುಪುಬ್ಬೇನ', ಅಂದರೆ ಕ್ರಮಕ್ರಮವಾಗಿ. ಎಷ್ಟು ದಿನ ಹಿಡಿಯಿತು ಅಂತ ಸುತ್ತ ಹೇಳುವುದೇ ಇಲ್ಲ.

ಮೊದಲ ಸಲ ಓದಿದಾಗ ನನಗೆ ನಗು ಬಂತು. ರಾಜ ಆದ್ದರಿಂದ ದುಡ್ಡು ಕೊಟ್ಟು ಇಟ್ಟುಕೊಂಡ, ನಮಗೆಲ್ಲಿ ಸುದಸ್ಸನ ಸಿಗಬೇಕು ಅಂದುಕೊಂಡೆ. ಎರಡು ವರ್ಷ ಕಳೆದ ಮೇಲೆ ಅರ್ಥವಾಯಿತು. ಪಸೇನದಿಗೆ ತನ್ನ ಮನೋಬಲದ ಮೇಲೆ ನಂಬಿಕೆ ಇರಲಿಲ್ಲ, ಅದೇ ಅವನ ಜಾಣತನ. ಭಗವಾನರ ಎದುರು ಕೂತಾಗ ಇರುವ ಮನಸ್ಸು ತಟ್ಟೆಯ ಎದುರು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಮಾತನ್ನು ತಟ್ಟೆಯ ಹತ್ತಿರಕ್ಕೇ ತರಿಸಿಕೊಂಡ.

ನನ್ನ ಕಥೆಗೆ ಬರುತ್ತೇನೆ. ಶಾಲೆಯಿಂದ ನಿವೃತ್ತಳಾದಾಗ ನನ್ನ ತೂಕ 86 ಕೆ.ಜಿ. ಎತ್ತರ ಐದು ಅಡಿ ಒಂದು ಇಂಚು. ಮಂಡಿ ನೋವು, ಸಕ್ಕರೆ ಕಾಯಿಲೆ ಎರಡೂ ಇದ್ದವು. ನಮ್ಮ ಅಣ್ಣನಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಹುಣ್ಣು ವಾಸಿಯಾಗದೆ ಮೊದಲು ಬೆರಳು, ಆಮೇಲೆ ಪಾದ ತೆಗೆದರು. ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಕಾಲದೆಸೆಯಲ್ಲಿ ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದನ್ನು ನೋಡಿದೆನಲ್ಲ, ಅದು ಇವತ್ತಿಗೂ ಕಣ್ಣ ಮುಂದಿದೆ. ಇಷ್ಟೆಲ್ಲ ಕಂಡೂ ನಾನು ಮೊದಲ ಸಲ ತೂಕ ಇಳಿಸಲು ಹೊರಟಿದ್ದು ಅಣ್ಣನ ಕಾಲಿನಿಂದಲ್ಲ, ಮದುವೆಯ ಫೋಟೋದಿಂದ! "ಅತ್ತಿಗೆ ಫ್ರೇಮಿಗೇ ಹಿಡಿಸಲ್ಲ" ಅಂತ ನಾದಿನಿ ನಕ್ಕಳು. ಆ ಅವಮಾನ ಮೂರು ವಾರ ನನ್ನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ನಡೆಸಿತು. ನಾಲ್ಕನೇ ವಾರಕ್ಕೆ ಅವಮಾನ ಹಳೆಯದಾಯಿತು, ನಡಿಗೆಯೂ ನಿಂತಿತು.

ಎರಡನೇ ಸಲ ಇನ್ನೂ ದೊಡ್ಡ ತಪ್ಪು. ಹುಣ್ಣಿಮೆ ಉಪೋಸಥದ ದಿನ ಅಷ್ಟಶೀಲ ತೆಗೆದುಕೊಂಡರೆ ಮಧ್ಯಾಹ್ನದ ನಂತರ ಊಟವಿಲ್ಲ, ನಿಮಗೆಲ್ಲ ಗೊತ್ತು. ಅದನ್ನು ನಾನು ದಿನಾಲೂ ಪಾಲಿಸುತ್ತೇನೆ ಅಂತ ಹೊರಟೆ. ಶೀಲವೂ ಆಯಿತು, ತೂಕವೂ ಇಳಿಯಿತು ಎಂಬ ಲೆಕ್ಕ. ವೈದ್ಯರನ್ನು ಕೇಳಲಿಲ್ಲ. ಐದನೆಯ ರಾತ್ರಿ ಎಂದಿನಂತೆ ಸಕ್ಕರೆ ಮಾತ್ರೆ ನುಂಗಿ, ಊಟ ಮಾಡದೆ ಮಲಗಿದೆ. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮಗ ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿತು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ವೈದ್ಯರನ್ನು ಕೇಳದೆ ಊಟ ಬಿಡಬೇಡಿ. ಉರುವೇಲದಲ್ಲಿ ದೇಹವನ್ನು ಎಲುಬಿನ ಗೂಡು ಮಾಡಿಕೊಂಡ ಬೋಧಿಸತ್ವರೇ ಆ ದಾರಿ ಅಲ್ಲ ಅಂತ ತಿಳಿದು ಮತ್ತೆ ಅನ್ನ ಸ್ವೀಕರಿಸಿದರು. ನಾನು ಆ ಪಾಠವನ್ನು ಸಕ್ಕರೆ ನೀರು ಕುಡಿದು ಕಲಿತೆ. ಮೂರನೇ ಸಲ ಯಾರೋ ಫೋನಿಗೆ ಕಳಿಸಿದ ಪಟ್ಟಿ ನೋಡಿ ಓಟ್ಸ್ ತಿಂದದ್ದು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಒಂಬತ್ತು ದಿನ.

ಆಮೇಲೆ ಒಂದು ಭಾನುವಾರ ಬಳಗದಲ್ಲಿ ಇದೇ ದೋಣಪಾಕ ಸುತ್ತ ಓದಿದೆವು. ಮನೆಗೆ ಬಂದು, ನಾನು ಏನು ತಿನ್ನುತ್ತೇನೆ ಅನ್ನುವುದಕ್ಕಿಂತ ಎಲ್ಲಿ ತಿನ್ನುತ್ತೇನೆ ಅಂತ ಒಂದು ವಾರ ನೋಡಿಕೊಂಡೆ. ಹೆಣ್ಣುಮಕ್ಕಳಿಗೆ ಇದು ತಕ್ಷಣ ತಿಳಿಯುತ್ತದೆ. ಎಲ್ಲರ ಜೊತೆ ಕೂತು ಉಂಡದ್ದು ಹೆಚ್ಚೇನಲ್ಲ. ಉಳಿದದ್ದೆಲ್ಲ ಅಡುಗೆಮನೆಯಲ್ಲಿ ನಿಂತುಕೊಂಡೇ ಒಳಗೆ ಹೋಗುತ್ತಿತ್ತು. ಮೊಮ್ಮಗಳು ಬಿಟ್ಟ ಅರ್ಧ ದೋಸೆ, ಪಾತ್ರೆ ತೊಳೆಯುವ ಮೊದಲು ತಳದಲ್ಲಿ ಉಳಿದ ಎರಡು ಸೌಟು ಹುಳಿಯನ್ನ, ಡಬ್ಬಿ ಮುಚ್ಚುವಾಗ ಒಂದು ಹಿಡಿ ಖಾರಾಬೂಂದಿ. ಅನ್ನ ಬಿಸಾಡಬಾರದು ಅಂತ ನಮ್ಮಮ್ಮ ಕಲಿಸಿದ್ದು, ಬರಗಾಲ ಕಂಡವರ ಮಾತು, ತಪ್ಪಲ್ಲ. ಆದರೆ ಬಚ್ಚಲಿಗೆ ಹೋಗಬಾರದು ಅಂತ ನಾನು ಅದನ್ನು ನನ್ನ ಮಂಡಿಯ ಮೇಲೆ ಹೊರಿಸುತ್ತಿದ್ದೆ. ರಾಜನಾದರೋ ಸೇವಕರ ಎದುರು ಉಣ್ಣುತ್ತಿದ್ದ. ನನ್ನ ಊಟಕ್ಕೆ ಸಾಕ್ಷಿಯೇ ಇರಲಿಲ್ಲ, ನಾನೂ ಸೇರಿ.

ಭೋಜನೇ ಮತ್ತಞ್ಞುತಾ, ಊಟದಲ್ಲಿ ಅಳತೆ ತಿಳಿಯುವುದು, ಅನ್ನುವ ಪದವನ್ನು ನಾವು ಎಷ್ಟು ಸಲ ಓದಿದ್ದೇವೆ! ನನ್ನ ಮಟ್ಟಿಗೆ ಆ ಅಳತೆ ಶುರುವಾಗಿದ್ದು ತಟ್ಟೆಯಲ್ಲಲ್ಲ, ಅಕ್ಕಿ ಡಬ್ಬಿಯೊಳಗಿನ ಪಾವಿನಲ್ಲಿ. ರಾತ್ರಿಗೆ ಎರಡು ಪಾವು ಹಾಕುತ್ತಿದ್ದೆ. ಒಂದು ದಿನ ಅದರಿಂದ ಒಂದು ಹಿಡಿ ತೆಗೆದು ವಾಪಸ್ ಡಬ್ಬಿಗೆ ಹಾಕಿದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಿಕ್ಕುವುದು ನಿಂತಿತು. ಮಿಕ್ಕದಿದ್ದರೆ ನಿಂತು ತಿನ್ನುವುದೂ ಇಲ್ಲ. ಎರಡನೆಯದು, ಏನೇ ತಿಂದರೂ ಕೂತು ತಿನ್ನುವುದು, ಒಂದು ಚೂರು ಕೊಬ್ಬರಿ ಮಿಠಾಯಿಯಾದರೂ ಸರಿ.

ಮೂರನೆಯದು ನನ್ನ ಸುದಸ್ಸನ. ಮೂರನೇ ಕ್ಲಾಸಿನ ಮೊಮ್ಮಗಳಿಗೆ ರಾಜನ ಕಥೆ ಹೇಳಿ, ರಾತ್ರಿ ಊಟದಲ್ಲಿ ನಾನು ಎರಡನೇ ಸಲ ಅನ್ನಕ್ಕೆ ಕೈ ಹಾಕಿದಾಗ ನೆನಪು ಮಾಡು, ದಿನಕ್ಕೆ ಎರಡು ರೂಪಾಯಿ ಅಂದೆ. ಗಾಥೆ ಅವಳ ಬಾಯಲ್ಲಿ ತಿರುಗಲಿಲ್ಲ. "ರಾಜಾ!" ಅಂತ ಕೂಗುತ್ತಾಳೆ, ಅಷ್ಟೇ. ಬೀದಿಗೆ ಕೇಳಿಸುತ್ತದೆ. ಸಂಬಳವನ್ನು ತಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ.

ನಾಲ್ಕು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದೆ. ಆಗ ಬಂತು ತವರಿನ ಕಡೆಯ ಗೃಹಪ್ರವೇಶ, ಅದರ ಹಿಂದೆಯೇ ಹಬ್ಬ. ಹನ್ನೊಂದು ದಿನ ಊರಲ್ಲಿದ್ದೆ. ಮೊದಲನೇ ದಿನ ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು. ಅಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. "ಹೇಗೂ ಕೆಟ್ಟೋಯ್ತು, ಊರಿಗೆ ಹೋದ ಮೇಲೆ ನೋಡ್ಕೊಳ್ಳೋಣ" ಅಂತ ಮನಸ್ಸು ಹೇಳಿತು ನೋಡಿ, ಉಳಿದ ಹತ್ತು ದಿನದ ಊಟ ಆ ಮಾತಿನದು. ಸಲ್ಲ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ಒಂದು ಬಾಣ ದೇಹಕ್ಕೆ ತಗುಲುವ ನೋವು. ಅದನ್ನು ಹಿಡಿದುಕೊಂಡು ಮನಸ್ಸು ಪಡುವ ಸಂಕಟ ಎರಡನೆಯದು. ಅಲ್ಲಿ ಹೇಳಿರುವುದು ವೇದನೆಯ ಬಗ್ಗೆ, ಹೋಳಿಗೆಯ ಬಗ್ಗೆ ಅಲ್ಲ. ಆದರೂ ನನಗೆ ಇಲ್ಲೂ ಅದೇ ಕಾಣಿಸಿತು. ಎರಡು ಹೋಳಿಗೆ ನನ್ನ ತೂಕಕ್ಕೆ ಏನೂ ಮಾಡಲಾರವು. "ನಾನು ಕೆಟ್ಟೆ" ಎಂಬುದು ಹತ್ತು ದಿನ ಉಣಿಸಿತು.

ಮನೆಗೆ ಬಂದೆ. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿದೆ. ಈ ಸಲವೂ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ನೋಟ್‌ಬುಕ್ ತಂದಳು. "ಅಜ್ಜಿ, ನೀನು ಊರಿಗೆ ಹೋದ ದಿನದ್ದು ಸಂಬಳ ಕೊಡ್ತೀಯಾ, ಕಟ್ ಮಾಡ್ತೀಯಾ?" ಅಂದಳು. ಕಟ್ ಅಂದೆ. "ಸರಿ, ಇವತ್ತಿಂದ ಬರ್ಕೋತೀನಿ" ಅಂತ ಹನ್ನೊಂದು ದಿನದ ಜಾಗ ಖಾಲಿ ಬಿಟ್ಟು, ಕೆಳಗೆ ಆ ದಿನದ ತಾರೀಖು ಹಾಕಿದಳು. ಅವಳಿಗೆ ಅದು ರಜೆ, ಮುಗಿದಿದೆ, ಕೆಲಸ ಶುರು. ನನ್ನ ಮುಖದಲ್ಲಿದ್ದ ಪಶ್ಚಾತ್ತಾಪ ಅವಳಿಗೆ ಕಾಣಲೇ ಇಲ್ಲ. ಅವಳಿಗೆ ಬೇಕಿದ್ದದ್ದು ಎರಡು ರೂಪಾಯಿ. ನಾನು ಅನ್ನದ ಪಾತ್ರೆಗೆ ಕೈ ಹಾಕಿದೆ, ಅವಳು "ರಾಜಾ!" ಅಂದಳು, ನಾನು ಕೈ ತೆಗೆದೆ. ನಿಜ ಹೇಳಬೇಕೆಂದರೆ ಆ ರಾತ್ರಿ ಸಿಟ್ಟೂ ಬಂತು.

ಈಗ 79 ಕೆ.ಜಿ. ಎರಡು ತಿಂಗಳಿಂದ ಅಲ್ಲೇ ನಿಂತಿದೆ. ಇದೂ ಬಿಟ್ಟುಬಿಡುವ ಜಾಗವೇ, ಹಬ್ಬಕ್ಕಿಂತ ಕಠಿಣ, ಯಾಕೆಂದರೆ ತಪ್ಪು ಮಾಡದೆಯೇ ಫಲ ನಿಂತುಹೋಗುತ್ತದೆ. ವೈದ್ಯರು ಬಿಡಿಸಿ ಹೇಳಿದರು. ದೇಹ ಚಿಕ್ಕದಾದಂತೆ ಅದಕ್ಕೆ ಬೇಕಾದ ಆಹಾರವೂ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಹಸಿವು ಹುಟ್ಟಿಸುವ ಹಾರ್ಮೋನು ಹೆಚ್ಚಾಗಿ ದೇಹ ಹಳೆಯ ತೂಕಕ್ಕೆ ಎಳೆಯುತ್ತದೆ. ಉಪ್ಪು, ನೀರಿನ ವ್ಯತ್ಯಾಸದಿಂದಲೇ ದಿನದಿಂದ ದಿನಕ್ಕೆ ಒಂದೆರಡು ಕೆ.ಜಿ. ಹೆಚ್ಚುಕಮ್ಮಿ ಆಗಬಹುದು. ತಂಗಿ, ನಿನ್ನ ಏಳು ಕೆ.ಜಿ.ಯಲ್ಲಿ ನಿನ್ನ ದೇಹದ ಈ ಎಳೆತವೂ ಇದೆ, ಎಲ್ಲವೂ ನಿನ್ನ ನಾಲಿಗೆಯ ಪಾಪವಲ್ಲ. ಇನ್ನೊಂದು ಲೆಕ್ಕವನ್ನೂ ಅವರು ಕೊಟ್ಟರು. ಮಂಡಿ ಸವೆದವರು ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದಂತೆ. ಏಳಕ್ಕೆ ಇಪ್ಪತ್ತೆಂಟು. ಒಂದು ಅಕ್ಕಿ ಮೂಟೆ ಇಳಿಸಿದ ಹಾಗೆ. ಸಕ್ಕರೆ ಮಾತ್ರೆಯ ಪ್ರಮಾಣವನ್ನೂ ಅವರೇ ಇಳಿಸಿದ್ದಾರೆ.

ಸುತ್ತದ ಕೊನೆಯಲ್ಲಿ ಪಸೇನದಿ ತನ್ನ ಮೈಕೈಯನ್ನು ಕೈಯಿಂದ ಸವರಿಕೊಳ್ಳುತ್ತಾ, ಭಗವಾನರು ಈ ಜನ್ಮದ ಹಿತಕ್ಕೂ ಮುಂದಿನ ಹಿತಕ್ಕೂ ನನ್ನ ಮೇಲೆ ಅನುಕಂಪ ತೋರಿದರು ಅಂತ ಉದ್ಗರಿಸುತ್ತಾನೆ. ಮೈ ಸವರಿಕೊಳ್ಳುವ ಆ ಚಿತ್ರ ನನಗೆ ಇಷ್ಟ. ನಾನು ಎಷ್ಟೋ ವರ್ಷ ನನ್ನ ಮೈಯನ್ನು ಬೈದುಕೊಳ್ಳುತ್ತಲೇ ಇದ್ದೆ, ಸವರಿಕೊಂಡವಳಲ್ಲ.

ತಂಗಿ, ಭಾನುವಾರ ಬಾ. ಈಗ ನಾನು ಇಪ್ಪತ್ತು ನಿಮಿಷ ನೆಲದ ಮೇಲೆ ಕೂರುತ್ತೇನೆ, ನನ್ನ ಕುರ್ಚಿ ಗೋಡೆ ಪಕ್ಕ ಖಾಲಿ ಇರುತ್ತದೆ, ಬೇಕಿದ್ದರೆ ಅದರಲ್ಲಿ ಕೂತುಕೋ. ನಿನ್ನ ಮನೆಯಲ್ಲಿ ಸುದಸ್ಸನ ಯಾರಾಗಬಹುದು ಅಂತ ಯೋಚಿಸಿಕೊಂಡು ಬಾ. ಯಾರೂ ಇಲ್ಲವಾದರೆ ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡುತ್ತೇನೆ, ಸಂಬಳ ಬೇಡ.

ಈಗ ಹನ್ನೆರಡೂವರೆ. ಕುಕ್ಕರ್ ಇಡಬೇಕು. ಮೊಮ್ಮಗಳು ಶಾಲೆಯಿಂದ ಬರುವುದು ನಾಲ್ಕಕ್ಕೆ. ಮಧ್ಯಾಹ್ನದ ಊಟಕ್ಕೆ ಕೂಗುವವರು ಯಾರೂ ಇಲ್ಲ, ನಾನೇ ಹೇಳಿಕೊಳ್ಳಬೇಕು.

ಸಾಧು, ಸಾಧು, ಸಾಧು 🙏